ಸುಂಕ ತಪ್ಪಿಸಿದ ಹಣದ ದಾಸೋಹ

ಹನ್ನೆರಡನೆಯ ಶತಮಾನದ ಶರಣರ ಮೇಳದಲ್ಲಿ ಸುಂಕದ ಬಂಕಣ್ಣನೆಂಬ ವಚನಕಾರನಿದ್ದನು. ಸುಂಕ ಎತ್ತುವದು ಆತನ ಕಾಯಕ. ಬಂಕೇಶ್ವರಲಿಂಗವೆಂಬುದು ಆತನ ಅಂಕಿತ. ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನ ಮಗ್ಗವನ್ನೂ ನುಲಿಯ ಚಂದಯ್ಯನ ಹಗ್ಗವನ್ನೂ ಅಂಬಿಗರ ಚೌಡಯ್ಯನ ದೋಣಿಯನ್ನೂ ಪಾಠಶಾಲೆಯ ಮಕ್ಕಳಿಗೆ ನಾವು ಅಕ್ಕರೆಯಿಂದ ಬಣ್ಣಿಸುತ್ತೇವೆ. ಬಂಕಣ್ಣನ ಹೆಸರು ಬಂದಾಗ ಮಾತ್ರ ಬೇಗನೆ ಮುಂದಕ್ಕೆ ಸಾಗುತ್ತೇವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂದು ಗಾದೆ ಕಟ್ಟಿದ ಜನ ನಾವು. ಆ ವೃತ್ತಿಯವನು ಶರಣನಾಗಬಲ್ಲನೆಂಬುದೇ ನಮಗೆ ಸೋಜಿಗ. ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿರುವ ನಾನೂ ಹಾಗೆಯೇ ಸಾಗಿದವನು. ಈಗ ಆತನ ಹೆಸರಿನ ಬಳಿ ನಿಲ್ಲಬೇಕಾಗಿ ಬಂದ ಕಾರಣವನ್ನು ವಾಚಕರ ಮುಂದೆ ಇಡುತ್ತೇನೆ.

2024ರಲ್ಲಿ ಮಗನ ಓದಿಗೆ ಒಂದು ಲ್ಯಾಪ್‌ಟಾಪು ಬೇಕಾಯಿತು. ಹತ್ತಿಕುಣಿಯಿಂದ ಯಾದಗಿರಿಗೆ ಬಂದು ರೈಲು ಹತ್ತಿ, ತಂದೆಮಕ್ಕಳಿಬ್ಬರೂ ಹೈದರಾಬಾದಿಗೆ ಹೋದೆವು. ನಮ್ಮ ಭಾಗದವರಿಗೆ ದೊಡ್ಡ ಖರೀದಿಯೆಂದರೆ ಇಂದಿಗೂ ಹೈದರಾಬಾದೇ. ಬೆಂಗಳೂರು ದೂರದ ಮಾತು. ಅಂಗಡಿಯವನು ಯಂತ್ರವನ್ನು ತೋರಿಸಿ, ಬಿಲ್ಲು ಬೇಕಾದರೆ 35,400 ರೂಪಾಯಿ, ಬೇಡವಾದರೆ 30,000 ಎಂದನು. ನಾನು ಏನನ್ನೂ ಹೇಳಲಿಲ್ಲ. ಆ ಮೌನವನ್ನೇ ಆತನು ಉತ್ತರವೆಂದು ತಿಳಿದು ಮೂವತ್ತು ಸಾವಿರವನ್ನು ಎಣಿಸಿಕೊಂಡನು. ಉಳಿದ 5,400 ರೂಪಾಯಿಗಳಲ್ಲಿ 1,001ನ್ನು ಮುಂದಿನ ಸೋಮವಾರ ಮಠದ ದಾಸೋಹಕ್ಕೆ ಒಪ್ಪಿಸಿದೆನು. ಮಠದಲ್ಲಿ ಕೂಡಲೇ ಪಾವತಿ ಬರೆದುಕೊಟ್ಟರು. ಅದನ್ನು ಮಡಚಿ ಕಿಸೆಗೆ ಹಾಕಿಕೊಳ್ಳುವಾಗ, ಮೂವತ್ತು ಸಾವಿರದ ವಸ್ತುವಿಗೆ ಚೀಟಿ ಇಲ್ಲ, ಸಾವಿರದೊಂದಕ್ಕೆ ಇದೆ ಎಂಬ ವಿಚಾರ ತಟ್ಟನೆ ಹೊಳೆದು ಮೈ ಬೆಚ್ಚಗಾಯಿತು.

ಆ 5,400 ಯಾರದು? ಲ್ಯಾಪ್‌ಟಾಪಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ, ಅಂದರೆ ಜನ ಹೇಳುವ ಜಿ.ಎಸ್.ಟಿ., ನೂರಕ್ಕೆ 18. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಯಾವ ರಾಜ್ಯಕ್ಕೆ ಎಂಬಲ್ಲಿಯೇ ವಿಷಯದ ಸೂಕ್ಷ್ಮವಿರುವದು. 1956ರ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯ ಪ್ರಕಾರ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮಾರಿ ಕಳಿಸಿದ ಸರಕಿನ ತೆರಿಗೆಯು ಹೊರಟ ರಾಜ್ಯಕ್ಕೆ ಸೇರುತ್ತಿತ್ತು, ಬಂದು ಮುಟ್ಟಿದ ರಾಜ್ಯಕ್ಕಲ್ಲ. ಕರ್ನಾಟಕವು 1979ರಲ್ಲಿ ಪ್ರವೇಶ ತೆರಿಗೆಯ ಕಾಯ್ದೆಯನ್ನೂ ಮಾಡಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಈ ಕ್ರಮವು ತಿರುವುಮುರುವಾಯಿತು: ವಸ್ತುವನ್ನು ಬಳಸುವ ರಾಜ್ಯಕ್ಕೆ ತೆರಿಗೆ. ಹತ್ತಿಕುಣಿಯ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಹರಿಯಾಣದ ವ್ಯಾಪಾರಿಯಿಂದ ವಸ್ತು ತರಿಸಿದರೂ, ಪೆಟ್ಟಿಗೆಯು ನಮ್ಮ ಬಾಗಿಲಿಗೆ ಬಂದು ಇಳಿಯುವದರಿಂದ ರಾಜ್ಯದ ಪಾಲು ಕರ್ನಾಟಕಕ್ಕೇ ಬರುತ್ತದೆ. ಪರರಾಜ್ಯದ ಅಂಗಡಿಗೆ ನಾವೇ ಹೋಗಿ ಕೊಂಡಾಗ ಹೇಗೆ? 2023ರ ಅಕ್ಟೋಬರ್ 1ರಿಂದ ಅದಕ್ಕೂ ಒಂದು ನಿಯಮವಿದೆ. ನೋಂದಣಿ ಇಲ್ಲದ ಸಾಮಾನ್ಯ ಗಿರಾಕಿಯು ತನ್ನ ವಿಳಾಸವನ್ನು, ಕಡೆಗೆ ರಾಜ್ಯದ ಹೆಸರನ್ನಾದರೂ, ಬಿಲ್ಲಿನಲ್ಲಿ ಬರೆಯಿಸಿದರೆ ತೆರಿಗೆಯು ಆ ರಾಜ್ಯದ ಲೆಕ್ಕಕ್ಕೆ ಹೋಗುವದು; ಬರೆಯಿಸದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ. ನಾನು ಬಾಯಿ ತೆರೆದು ‘ಕರ್ನಾಟಕ’ ಎಂದಿದ್ದರೆ 2,700 ರೂಪಾಯಿ ನಮ್ಮ ರಾಜ್ಯದ ಬೊಕ್ಕಸಕ್ಕೆ ಬರುತ್ತಿತ್ತು. ಎಷ್ಟು ಸಣ್ಣ ಮಾತು!

ಗಡಿ ದಾಟಿಸಿ ಸರಕು ತರುವ ಜಾಣತನ ನಮ್ಮ ಸೀಮೆಗೆ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಯಾದಗಿರಿ, ಶಹಾಪುರ, ಸುರಪುರಗಳೆಲ್ಲ ಹೈದರಾಬಾದ ಸಂಸ್ಥಾನದೊಳಗಿದ್ದವು. ಆಚೆಗೆ ಬಿಜಾಪುರ ಜಿಲ್ಲೆಯು ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಡುವೆ ಸಂಸ್ಥಾನದ ಸುಂಕದ ಇಲಾಖೆ, ಹಿರಿಯರ ಬಾಯಲ್ಲಿ ‘ಕರೋಡಗಿರಿ’. ಮದುವೆಯ ಜವಳಿ ತರಲು ಹೋದ ಹೆಂಗಸರು ಮೂರು ಸೀರೆಗಳನ್ನು ಒಂದರ ಮೇಲೊಂದು ಉಟ್ಟು ನಾಕೆ ದಾಟುತ್ತಿದ್ದರೆಂದು ನನ್ನ ಅಜ್ಜ ನಗುತ್ತ ಹೇಳುತ್ತಿದ್ದನು. ನಾವೂ ನಗುತ್ತಿದ್ದೆವು. ಪ್ರಜೆಗಳಿಗೆ ಮಾತಿಲ್ಲದ ದೊರೆಯ ಸುಂಕವದು. ಅದನ್ನು ತಪ್ಪಿಸಿದವರ ಮೇಲೆ ಇಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಆದರೆ ದೊರೆ ಹೋಗಿ ಬಹಳ ಕಾಲವಾಯಿತು. ಸೀರೆಯ ಮೇಲೆ ಸೀರೆ ಉಡುವ ಬುದ್ಧಿ ಮಾತ್ರ ಹೋಗಲಿಲ್ಲ.

ಇಲ್ಲಿ ಒಂದು ವಿವೇಚನೆ ಅವಶ್ಯ. ಬಿಲ್ಲಿಲ್ಲದ ಕೊಳ್ಳುವಿಕೆಯೆಲ್ಲವೂ ದೋಷವಲ್ಲ. ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಮುದುಕಿಯನ್ನು ಬಿಲ್ಲು ಕೇಳುವದು ಅಧಿಕಪ್ರಸಂಗವಾದೀತು. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ ಸರಕು ಮಾರುವ ಸಣ್ಣ ವ್ಯಾಪಾರಿಗೆ ಸಾಮಾನ್ಯವಾಗಿ ನೋಂದಣಿಯ ಬಂಧನವೇ ಇಲ್ಲ. ವಿಭೂತಿ ರುದ್ರಾಕ್ಷಿಗಳಿಗೆ ತೆರಿಗೆಯೇ ಇಲ್ಲವೆಂಬುದನ್ನು ಭಕ್ತರು ಸಂತೋಷದಿಂದ ತಿಳಿಯಬಹುದು. ಅದರಂತೆ, ಪೆಟ್ರೋಲು ಡೀಸೆಲುಗಳು ಜಿ.ಎಸ್.ಟಿ.ಯೊಳಗೆ ಬಂದಿಲ್ಲ, ರಾಜ್ಯರಾಜ್ಯಕ್ಕೆ ದರ ಬೇರೆ. ಗಡಿಯ ಯಾವ ಬದಿಯಲ್ಲಿ ಅಗ್ಗವೋ ಅಲ್ಲಿ ತುಂಬಿಸಿಕೊಂಡವನು ಕಳ್ಳನಲ್ಲ, ಏಕೆಂದರೆ ಅಲ್ಲಿಯ ತೆರಿಗೆಯನ್ನು ತೆತ್ತಿದ್ದಾನೆ. ಅಗ್ಗವನ್ನು ಹುಡುಕುವದು ಗೃಹಸ್ಥನ ಧರ್ಮವೇ ಹೌದು. ತೆರಬೇಕಾದದ್ದನ್ನು ಎಲ್ಲಿಯೂ ತೆರದೆ ಬರುವ ಅಗ್ಗವು ಬೇರೆ ಜಾತಿಯದು. ನನ್ನದು ಅಂಥದು. ಈಗೀಗ ಮೊಬೈಲಿನಲ್ಲಿ ಸೀರೆಯ ಚಿತ್ರ ತೋರಿಸಿ, ಫೋನಿನ ಖಾತೆಗೆ ಹಣ ಹಾಕಿಸಿಕೊಂಡು, ಬಿಲ್ಲಿಲ್ಲದೆ ಗಂಟು ಕಳಿಸುವ ದೊಡ್ಡ ವ್ಯಾಪಾರಿಗಳ ಸರಕೂ ಅದೇ ಜಾತಿಯದೇ.

ಕಾನೂನು ನನ್ನನ್ನು ಹಿಡಿಯುವದಿಲ್ಲ. ತೆರಿಗೆಯನ್ನು ಸಂಗ್ರಹಿಸಿ ಸಲ್ಲಿಸುವ ಹೊಣೆ ಮಾರುವವನದು. ಆದುದರಿಂದ ಪಾಪವೂ ಆತನದೇ ಎಂದು ಕೆಲಕಾಲ ಸಮಾಧಾನ ಮಾಡಿಕೊಂಡೆನು. ಆ ಸಮಾಧಾನ ನಿಲ್ಲಲಿಲ್ಲ. ಉಳಿದ ಹಣ ಆತನ ಪೆಟ್ಟಿಗೆಯಲ್ಲಿರಲಿಲ್ಲ, ನನ್ನ ಕಿಸೆಯಲ್ಲಿತ್ತು.

ಗೆಳೆಯರೊಬ್ಬರಲ್ಲಿ ಇದನ್ನು ಹೇಳಿಕೊಂಡಾಗ ಅವರು ಸಿಟ್ಟಿಗೆದ್ದರು. ‘ಸರಕಾರದ ದುಡ್ಡು ಎಲ್ಲಿ ಹೋಗುತ್ತದೆ ಎಂಬುದು ಗೊತ್ತಿಲ್ಲವೇ? 2025ರ ಜುಲೈನಲ್ಲಿ ಚಹಾ ಬೇಕರಿ ಅಂಗಡಿಗಳವರಿಗೆಲ್ಲ ನೋಟೀಸು ಬಂದು, ನಗದು ಮಾತ್ರವೆಂದು ಅವರು ಫಲಕ ಹಾಕಲಿಲ್ಲವೇ? ಮೇಲಿನವರು ಕೋಟಿ ನುಂಗುವಾಗ ಮಾಸ್ತರನ ಎರಡು ಸಾವಿರದ ಏಳುನೂರಕ್ಕೆ ಏನು ಬೆಲೆ?’ ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬೊಕ್ಕಸ ಸೋರುವದು ಸುಳ್ಳಲ್ಲ. ಆದರೆ ಅನ್ಯಾಯದ ತೆರಿಗೆಯನ್ನು ಕೊಡೆನೆಂಬುದಕ್ಕೂ ನಮ್ಮ ನಾಡಿನಲ್ಲಿಯೇ ಒಂದು ಮೇಲ್ಪಂಕ್ತಿ ಇದೆ. 1930ರ ಉಪ್ಪಿನ ಸತ್ಯಾಗ್ರಹದ ತರುವಾಯ ಅಂಕೋಲೆ, ಸಿದ್ದಾಪುರಗಳ ರೈತರು ಕರನಿರಾಕರಣೆ ಮಾಡಿದರು. ಕೊಡುವದಿಲ್ಲವೆಂದು ಬಹಿರಂಗವಾಗಿ ಸಾರಿದರು; ಹೊಲಮನೆಗಳು ಜಪ್ತಿಯಾದವು, ಸೆರೆಮನೆ ಕಂಡರು. ನಾನು ಅಂಗಡಿಯಲ್ಲಿ ಏನನ್ನು ಸಾರಿದೆನು? ಏನನ್ನು ಕಳಕೊಂಡೆನು? ಮೌನದಿಂದ 5,400 ರೂಪಾಯಿ ಗಳಿಸಿದವನು ತನ್ನನ್ನು ಸತ್ಯಾಗ್ರಹಿಯೆಂದು ಕರೆದುಕೊಳ್ಳುವದು ಆ ರೈತರಿಗೆ ಮಾಡುವ ಅಪಚಾರ.

ಎರಡು ಸಾವಿರದ ಏಳುನೂರರ ಬೆಲೆಯ ವಿಷಯ. ನಮ್ಮೂರಿನ ಜಲಾಶಯದ ಕಾಲುವೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲ್ಭಾಗದ ಹೊಲದವನು ರಾತ್ರಿ ಏರಿಗೆ ಗುದ್ದಲಿ ಹಾಕುವಾಗ, ನನ್ನ ಒಂದು ಮಡಿಗೆ ಎಷ್ಟು ನೀರು ಬೇಕು ಎನ್ನುತ್ತಾನೆ. ಆತನ ಲೆಕ್ಕ ತಪ್ಪಲ್ಲ. ಆದರೂ ಬೆಳಗಾಗುವಷ್ಟರಲ್ಲಿ ಕೊನೆಯ ಹೊಲಕ್ಕೆ ನೀರಿಲ್ಲ. ಕರ್ನಾಟಕದ ಕಾಲುವೆಯ ಕೊನೆಯ ಹೊಲ ಯಾವುದು? 2011ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣ ರಾಜ್ಯದಲ್ಲಿಯೇ ಅತಿ ಕಡಮೆ ಇದ್ದುದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ, ನೂರಕ್ಕೆ ಸುಮಾರು 52. ಸಂವಿಧಾನದ 371-ಜೆ ವಿಧಿಯಿಂದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆತಿದೆ, ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ; ಅನುದಾನ ಸಾಲದೆಂದು ನಾವು ಗೊಣಗುತ್ತಲೂ ಇದ್ದೇವೆ. ಆ ಅನುದಾನ ಹುಟ್ಟುವದು ರಾಜ್ಯದ ಬೊಕ್ಕಸದಲ್ಲಿ. ಕೊನೆಯ ಹೊಲದವನೇ ಏರಿ ಒಡೆದಂತಾಯಿತು ನನ್ನ ಕೆಲಸ.

ಇಷ್ಟಾದರೂ ನನ್ನನ್ನು ಹೆಚ್ಚು ಕಾಡಿದ್ದು ಆ 1,001 ರೂಪಾಯಿ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಕಳಿಸಿದ ಕಥೆಯನ್ನು ಯಾವ ಭಕ್ತನು ಅರಿಯನು? ಆ ಅಕ್ಕಿ ಕದ್ದದ್ದಲ್ಲ, ನೆಲಕ್ಕೆ ಬಿದ್ದದ್ದು, ತಂದದ್ದೂ ಜಂಗಮದಾಸೋಹಕ್ಕಾಗಿಯೇ. ಆದರೂ ಆ ತಾಯಿ ಒಪ್ಪಲಿಲ್ಲ. ದಾಸೋಹವೆಂಬುದು ಹಣವನ್ನು ಶುದ್ಧಿ ಮಾಡುವ ಯಂತ್ರವಲ್ಲವೆಂಬುದನ್ನು ಆಕೆ ಬಲ್ಲಳು. ನನ್ನದಾದದ್ದನ್ನು ನಾನು ಅರ್ಪಿಸಬಲ್ಲೆನು. ಪರರದನ್ನು ಅರ್ಪಿಸಿದರೆ ಅದು ಅರ್ಪಣವಾಗದು, ದೇವರನ್ನು ಪಾಲುಗಾರನನ್ನಾಗಿ ಮಾಡಿಕೊಂಡಂತೆ. 5,400ರಲ್ಲಿ 1,001 ದೇವರಿಗೆ, 4,399 ನನಗೆ — ದರೋಡೆಕಾರರೂ ಇದೇ ಪ್ರಮಾಣದಲ್ಲಿ ಹಂಚುತ್ತಿದ್ದರೇನೋ! ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಾನೆಂದು ಕೊಂಡೆಯರು ದೂರಿದಾಗ, ಲೆಕ್ಕ ನೋಡಿದರೆ ಒಂದು ಹಾಗವೂ ಕಡಮೆ ಇರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದು ಓದುವವರು ಓದಲಿ. ಬಿಜ್ಜಳನ ಹಣ ಬೇರೆ, ದಾಸೋಹದ ಹಣ ಬೇರೆ ಎಂದು ಎರಡು ಗಂಟು ಕಟ್ಟಿಟ್ಟ ಗೃಹಸ್ಥನ ಕಥೆಯೆಂದು ನಾನು ಓದುತ್ತೇನೆ. ಬಿಜ್ಜಳನು ಆದರ್ಶ ಪ್ರಭುವಾಗಿದ್ದನೆಂದು ಯಾರೂ ಹೇಳಿಲ್ಲ. ಆದರೂ ಲೆಕ್ಕ ಲೆಕ್ಕವೇ. ಸುಂಕ ಎತ್ತುವವನನ್ನು ತಮ್ಮ ಸಾಲಿನಲ್ಲಿ ಕೂಡಿಸಿಕೊಂಡ ಶರಣರು, ಅದೇ ಸಾಲಿನಲ್ಲಿ ಸುಂಕ ತಪ್ಪಿಸಿದ ನನಗೆ ಯಾವ ಕಡೆ ಎಡೆ ಕೊಟ್ಟಾರು?

ಪ್ರಾಯಶ್ಚಿತ್ತವೂ ಸುಲಭವಾಗಲಿಲ್ಲ. ಮತ್ತೊಮ್ಮೆ ಹೈದರಾಬಾದಿಗೆ ಹೋದಾಗ ಆ ಅಂಗಡಿಗೆ ಹೊಕ್ಕು, ತೆರಿಗೆ ಕೊಡುತ್ತೇನೆ, ಹಳೆಯ ಖರೀದಿಗೆ ಬಿಲ್ಲು ಕೊಡಿರೆಂದೆನು. ಆತನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಸರಕು ಪುಸ್ತಕದಲ್ಲಿಯೇ ಇಲ್ಲ ಗುರುಗಳೇ ಎಂದು ನಕ್ಕು ಚಹಾ ತರಿಸಿದನು. ಚಹಾ ಕುಡಿಯದೆ ಎದ್ದು ಬಂದೆನು. ಮಠದ ದಾಸೋಹದವರಲ್ಲಿ ನಡೆದದ್ದನ್ನೆಲ್ಲ ಅರಿಕೆ ಮಾಡಿ, 1,001ನ್ನು ಮರಳಿ ಕೊಡಿರೆಂದು ಕೇಳಲು ನಾಚಿಕೆಯಾಗಿ, ಆ ಪಾವತಿಯನ್ನು ಮಾತ್ರ ಅವರ ಮುಂದಿಟ್ಟೆನು. ಆ ವೃದ್ಧರು ಬಹಳ ಹೊತ್ತು ಸುಮ್ಮನಿದ್ದು, ಅನ್ನ ಆಗಲೇ ಉಂಡಾಗಿದೆ, ಮುಂದಿನದನ್ನು ನೋಡಿರಿ ಎಂದರು. ಪಾವತಿ ಅವರಲ್ಲಿಯೇ ಉಳಿಯಿತು.

2025ರ ದೀಪಾವಳಿಯ ಮುಂದೆ ಮನೆಯವರಿಗೆ ಹೊಲಿಗೆಯ ಯಂತ್ರವೊಂದನ್ನು ಕೊಳ್ಳಬೇಕಾಗಿ ಮತ್ತೆ ಅದೇ ಪಟ್ಟಣಕ್ಕೆ ಹೋದೆವು, ಅಂಗಡಿ ಬೇರೆ. ಸೆಪ್ಟೆಂಬರ್ 22ರಿಂದ ಅದರ ಮೇಲಿನ ತೆರಿಗೆ ನೂರಕ್ಕೆ 12ರಿಂದ 5ಕ್ಕೆ ಇಳಿದಿತ್ತು. ಒಂಬತ್ತು ಸಾವಿರಕ್ಕೆ 450 ರೂಪಾಯಿ. ಕೇಳುವ ಮೊದಲೇ ಬಿಲ್ಲು ಬೇಕೆಂದೆನು, ವಿಳಾಸ ಬರೆಯಿರೆಂದೆನು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರು. ಮಗನು ಸಂಕೋಚದಿಂದ ಹೊರಗೆ ಹೋಗಿ ನಿಂತನು. ರೈಲಿನಲ್ಲಿ ಕುಳಿತು ಬಿಲ್ಲನ್ನು ಬಿಡಿಸಿ ನೋಡಿದೆನು. ಊರಿನ ಹೆಸರು ‘ಹತ್ತಿಕಣಿ’ ಎಂದು ತಪ್ಪಾಗಿ ಬಿದ್ದಿತ್ತು. ರಾಜ್ಯದ ಹೆಸರು ಸರಿಯಾಗಿತ್ತು.