ಹಲ್ಲಿಗೊಂದು ಹಕ್ಕು

ನಾಯಿ ಚಪ್ಪಲಿ ಕಡಿದರೆ ನಾವು ಅದನ್ನು ಕೆಟ್ಟ ಚಾಳಿ ಅನ್ನುತ್ತೇವೆ. ಬೈಯುತ್ತೇವೆ, ಪೇಪರ್ ಸುರುಳಿ ಸುತ್ತಿ ಹೆದರಿಸುತ್ತೇವೆ, ಕೊನೆಗೆ ‘ನಾಯಿ ಬಾಲ ಡೊಂಕೇ’ ಎಂದು ಕೈಚೆಲ್ಲುತ್ತೇವೆ. ಪುಣೆಯಲ್ಲಿ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ, ಬೀದಿಯಿಂದ ತಂದ ನಾಯಿಯೊಂದರ ಜೊತೆ ನಾಲ್ಕು ವರ್ಷದಿಂದ ಇರುವ ನನಗೆ ಈ ಮಾತಿನಲ್ಲಿ ಏನೋ ಅನ್ಯಾಯವಿದೆ ಅನ್ನಿಸುತ್ತದೆ.

ನಾಯಿಮರಿಗೆ 28 ಹಾಲುಹಲ್ಲು. ಮೂರು-ನಾಲ್ಕು ತಿಂಗಳಿಗೆ ಅವು ಉದುರಲು ಶುರುವಾಗಿ, ಏಳು ತಿಂಗಳ ಹೊತ್ತಿಗೆ 42 ಹಲ್ಲು ಬಂದಿರುತ್ತವೆ. ಆಗ ಒಸಡಿನ ನೋವಿಗೆ ಏನನ್ನಾದರೂ ಕಚ್ಚಿದರೆ ಹಿತ. ದೊಡ್ಡದಾದ ಮೇಲೂ ಅಗಿಯುವುದು ನಿಲ್ಲುವುದಿಲ್ಲ. ಬೇಸರಕ್ಕೆ ಅಗಿಯುತ್ತದೆ, ಒಂಟಿಯಾಗಿ ಬಿಟ್ಟಾಗ ಆತಂಕಕ್ಕೆ ಅಗಿಯುತ್ತದೆ, ಸುಮ್ಮನೆ ಖುಷಿಗೂ ಅಗಿಯುತ್ತದೆ. ಕೈಯಿಲ್ಲದ ಪ್ರಾಣಿ ವಸ್ತುಗಳನ್ನು ಮುಟ್ಟಿ ತಿಳಿಯುವುದೂ ಬಾಯಿಂದಲೇ.

‘ಬೀದಿ ನಾಯಿಗೆ ಯಾರು ಆಟಿಕೆ ಕೊಡುತ್ತಾರೆ?’ ಎಂದು ಗೆಳೆಯನೊಬ್ಬ ಕೇಳಿದ. ಯಾರೂ ಕೊಡುವುದಿಲ್ಲ, ನಿಜ. ಆದರೆ ಅದು ತನಗೆ ಬೇಕಾದ ಕಡ್ಡಿಯನ್ನೋ ತೆಂಗಿನ ಸಿಪ್ಪೆಯನ್ನೋ ತಾನೇ ಹುಡುಕಿಕೊಳ್ಳುತ್ತದೆ. ನನ್ನ ಮನೆಯ ನಾಯಿಗೆ ಬಾಗಿಲು ಹಾಕಿದೆ. ನಾನು ಈ ಊರಿಗೆ ಆಫರ್ ಲೆಟರಿಗೆ ಸಹಿ ಹಾಕಿ ಬಂದವನು. ಬೇಸರವಾದರೆ ಊರಿನ ಬಸ್ ಹತ್ತಬಲ್ಲೆ. ಅದು ಯಾವುದಕ್ಕೂ ಸಹಿ ಹಾಕಿಲ್ಲ. ಯಾವಾಗ ಉಣ್ಣಬೇಕು, ಯಾವಾಗ ಹೊರಗೆ ಹೋಗಬೇಕು, ಮರಿ ಹಾಕಬೇಕೋ ಬೇಡವೋ, ಎಲ್ಲವನ್ನೂ ನಾನೇ ನಿರ್ಧರಿಸಿದ್ದೇನೆ. ಹಾಗಿರುವಾಗ ಅಗಿಯಲು ಏನಾದರೂ ಕೊಡುವುದು ಉಡುಗೊರೆಯಲ್ಲ, ಋಣ.

ಏನನ್ನು ಕೊಡಬೇಕು ಅನ್ನುವಲ್ಲಿ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ನಮ್ಮದು ಸಸ್ಯಾಹಾರಿ ಮನೆ. ಅಂಗಡಿಯಲ್ಲಿ ತೂಗುಹಾಕಿದ್ದ ‘ರಾಹೈಡ್’ ನೋಡಿ, ಧಾರವಾಡದಿಂದ ಬಂದಿದ್ದ ಅವ್ವ, “ಇದು ಚರ್ಮಾ ಅಲ್ಲೇನೋ ತಮ್ಮಾ? ಮನೀಗೆ ಬ್ಯಾಡ” ಅಂದಳು. ಅವಳು ಹೇಳಿದ್ದು ಸರಿ. ಅದು ದನದ ತೊಗಲಿನ ಒಳಪದರ, ಚರ್ಮೋದ್ಯಮದ ಉಳಿಕೆ. ಪಕ್ಕದಲ್ಲೇ ಛುರ್ಪಿ ಇತ್ತು. ನೇಪಾಳದ ಕಡೆ ಯಾಕ್ ಮತ್ತು ಹಸುವಿನ ಹಾಲಿನಿಂದ ಮಾಡಿ ಒಣಗಿಸುವ ಗಟ್ಟಿ ಚೀಸ್. ಅವ್ವನಿಗೆ ಅದು ಒಪ್ಪಿಗೆಯಾಯಿತು.

ಆದರೆ ಶುದ್ಧಿಯ ಲೆಕ್ಕ ಅಷ್ಟು ಸುಲಭವಲ್ಲ. ಹಾಲು, ತೊಗಲು ಎರಡೂ ಹೊರಡುವುದು ಕೊಟ್ಟಿಗೆಯಿಂದಲೇ. ಹಾಲು ಕೊಡದ ಗಂಡುಕರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದಿಲ್ಲ. ನನ್ನ ಸೊಂಟದ ಬೆಲ್ಟೂ ಚರ್ಮದ್ದೇ. ಇನ್ನೂ ಮುಖ್ಯವಾದ ಮಾತೆಂದರೆ, ಈ ಲೆಕ್ಕದಲ್ಲಿ ನಾಯಿಯ ಬಾಯಿ ಎಲ್ಲೂ ಬಂದೇ ಇಲ್ಲ. ರಾಹೈಡ್ ಬೇಡ ಅನ್ನಲು ನಿಜವಾದ ಕಾರಣ ಬೇರೆ: ಜೊಲ್ಲಿಗೆ ನೆನೆದು ಮೆತ್ತಗಾದ ದೊಡ್ಡ ತುಂಡನ್ನು ನಾಯಿ ನುಂಗಿದರೆ ಅದು ಗಂಟಲಿನಲ್ಲೋ ಕರುಳಿನಲ್ಲೋ ಸಿಕ್ಕಿಕೊಳ್ಳಬಹುದು. ಛುರ್ಪಿಯೂ ಸಾತ್ವಿಕ ಅನ್ನಿಸಿದ ಮಾತ್ರಕ್ಕೆ ಸುರಕ್ಷಿತವಲ್ಲ. ಪಶುವೈದ್ಯರು ಹೇಳುವ ಸರಳ ಪರೀಕ್ಷೆಯೊಂದಿದೆ. ಹೆಬ್ಬೆರಳ ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವೂ ತಗ್ಗು ಬೀಳದಿದ್ದರೆ ಅದು ಹಲ್ಲನ್ನೇ ಸೀಳಬಹುದು. ಎಷ್ಟೋ ಛುರ್ಪಿಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ. ಜಿಂಕೆ ಕೊಂಬು, ದನದ ಗೊರಸುಗಳೂ ಅಷ್ಟೇ. ಬೇಯಿಸಿದ ಮೂಳೆಯಂತೂ ಚೂಪಾಗಿ ಸಿಬಿರೊಡೆದು ಹೊಟ್ಟೆಯೊಳಗೆ ಚುಚ್ಚುತ್ತದೆ.

ಇದರಿಂದ ನನಗೆ ತಿಳಿದದ್ದು ಇಷ್ಟು: ನನ್ನ ಮನಸ್ಸಾಕ್ಷಿಗೆ ಹಿತವಾದದ್ದು ಇನ್ನೊಂದು ಜೀವಕ್ಕೆ ಹಿತವಾಗಿರಲೇಬೇಕೆಂದಿಲ್ಲ. ನನ್ನ ಅಹಿಂಸೆ ನನ್ನ ತಟ್ಟೆಯ ಮಟ್ಟಿಗೆ ನನ್ನದು. ಅದನ್ನು ಇನ್ನೊಬ್ಬರ ಬಾಯಿಗೆ ಇಡುವ ಮೊದಲು ಆ ಬಾಯನ್ನು ನೋಡಬೇಕು. ಹಾಗೆ ನೋಡಿದ ಮೇಲೆ ಅವ್ವನ ಮಾತು, ನಾಯಿಯ ಹಲ್ಲು ಎರಡೂ ಉಳಿಯುವ ದಾರಿ ಸಿಗದೆ ಇರುವುದಿಲ್ಲ. ಈಗ ನಮ್ಮ ಮನೆಯಲ್ಲಿ ಟೊಳ್ಳು ರಬ್ಬರ್ ಆಟಿಕೆಯೊಳಗೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಡುತ್ತೇವೆ. ಉಪ್ಪು, ಒಗ್ಗರಣೆ, ಈರುಳ್ಳಿ ಇಲ್ಲದ ಸಪ್ಪೆ ಮೊಸರನ್ನ. ಆಟಿಕೆ ಅದರ ಬಾಯಿಗಿಂತ ದೊಡ್ಡದಿರಬೇಕು, ಹರಿದು ತುಂಡಾದರೆ ಎಸೆಯಬೇಕು.

ಒಂದು ಎಚ್ಚರ ಮಾತ್ರ ಉಳಿಯುತ್ತದೆ. ನಾನು ಆಫೀಸಿನ ಕಾಲ್‌ನಲ್ಲಿರುವಾಗ ಅದು ಸುಮ್ಮನಿರಲಿ ಎಂದು ಬಾಯಿಗೆ ಏನಾದರೂ ತುರುಕಿದರೆ ಅದು ಋಣ ತೀರಿಸಿದ ಹಾಗಲ್ಲ, ಲಂಚ ಕೊಟ್ಟ ಹಾಗೆ. ಯಾವ ಪ್ಯಾಕೆಟ್ಟಿನ ಮೇಲೆ ‘ಸುರಕ್ಷಿತ’ ಎಂದು ಬರೆದಿದ್ದರೂ, ನಾಯಿ ಅಗಿಯುವಾಗ ಯಾರಾದರೂ ಹತ್ತಿರವಿದ್ದು ನೋಡುತ್ತಿರಬೇಕು. ದುಡ್ಡು ಕೊಟ್ಟು ವಸ್ತು ತರಬಹುದು. ಪಕ್ಕದಲ್ಲಿ ಕೂರುವ ಆ ಅರ್ಧ ಗಂಟೆಯನ್ನು ಮಾತ್ರ ನಾವೇ ಕೊಡಬೇಕು.