ಕಥಾಶ್ರವಣವೂ ನೆರೆಯ ಧರ್ಮವೂ

ನೆರೆಯವನೆಂದರೆ ಯಾರು? ಗೋಡೆಗೆ ಗೋಡೆ ತಾಗಿಸಿ ಮನೆ ಮಾಡಿಕೊಂಡವನೇ ನೆರೆಯವನೆಂದು ಲೋಕವು ಹೇಳುತ್ತದೆ. ಆದರೆ ಗೋಡೆಯು ಎರಡು ಮನೆಗಳನ್ನು ಕೂಡಿಸುವಂತೆ ಅಗಲಿಸುವುದೂ ಉಂಟು. ನಮ್ಮ ನುಡಿಯಲ್ಲಿ 'ನೆರೆ' ಎಂಬ ಮಾತಿಗೆ ಪಕ್ಕವೆಂಬ ಅರ್ಥವಿರುವಂತೆಯೇ ಒಂದುಗೂಡು ಎಂಬ ಅರ್ಥವೂ ಇದೆ. ಜನರು ಒಂದುಗೂಡಿದರೆ ಅದು ನೆರವಿ. ಒಬ್ಬರಿಗೊಬ್ಬರು ಒದಗಿದರೆ ಅದು ನೆರವು. ಆದುದರಿಂದ ಪಕ್ಕದಲ್ಲಿ ಇರುವವರೆಲ್ಲರೂ ನೆರೆಯವರಾಗಲಾರರು. ನೆರೆಯವರಾಗುವುದು ಒಂದು ಸಾಧನೆ. ಐವತ್ತು ವರ್ಷ ದಾಟಿದ ಮೇಲೆ, ಅದೂ ಒಬ್ಬ ಮುದುಕಿಯಿಂದ, ನಾನು ಈ ಪಾಠವನ್ನು ಕಲಿತೆನೆಂಬುದನ್ನು ಶರಣಬಂಧುಗಳ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

2020ನೆಯ ಇಸವಿಯ ಮಾರ್ಚ್ ತಿಂಗಳನ್ನು ನಮ್ಮ ಕಲಬುರಗಿಯವರು ಮರೆಯಲಾರರು. ಕೊರೋನಾ ವ್ಯಾಧಿಯಿಂದ ಈ ದೇಶದಲ್ಲಿ ಮೊಟ್ಟಮೊದಲು ಮೃತರಾದರೆಂದು ದಾಖಲಾದವರು ನಮ್ಮ ಊರಿನ ವೃದ್ಧರೊಬ್ಬರು. ಅದೇ ತಿಂಗಳ 24ರ ರಾತ್ರಿ ಪ್ರಧಾನಮಂತ್ರಿಗಳು 21 ದಿವಸಗಳ ಲಾಕ್‌ಡೌನ್ ಸಾರಿದರು. ಅದು ಮುಂದೆ ಬೆಳೆಯುತ್ತ ಮೇ ಕೊನೆಯವರೆಗೆ ನಡೆಯಿತು. ಪಾಠಶಾಲೆ ಮುಚ್ಚಿತು, ಸಂತೆ ನಿಂತಿತು. ಓಣಿಯಲ್ಲಿ ಹಗಲುಹೊತ್ತಿನಲ್ಲಿಯೂ ನಡುರಾತ್ರಿಯ ಮೌನ ನೆಲೆಸಿತು.

ಬೇಸಿಗೆಯಲ್ಲಿ ನಮ್ಮ ಕಡೆಯ ಜನರು ಮಾಳಿಗೆಯ ಮೇಲೆ ಮಲಗುವುದು ರೂಢಿ. ಓಣಿಯ ತುದಿಮನೆಯಲ್ಲಿ ಒಬ್ಬಂಟಿಯಾಗಿ ಇರುವ ಅಜ್ಜಿಯೊಬ್ಬರಿದ್ದಾರೆ. ಅವರ ಮಗ, ಸೊಸೆ, ಮೊಮ್ಮಕ್ಕಳು ಪುಣೆಯಲ್ಲಿ ಸಿಕ್ಕಿಕೊಂಡಿದ್ದರು. ಮೊಮ್ಮಕ್ಕಳಿಗೆ ಹೇಳಬೇಕಾದ ಕಥೆಗಳು ಎದೆಯಲ್ಲಿ ತುಂಬಿಕೊಂಡಿದ್ದುದರಿಂದಲೋ ಏನೋ, ಒಂದು ಸಂಜೆ ಪಕ್ಕದ ಮಾಳಿಗೆಯ ಮಕ್ಕಳನ್ನು ಕೂಗಿ ಕಥೆ ಹೇಳಲಾರಂಭಿಸಿದರು. ನಾಲ್ಕು ದಿನಗಳಲ್ಲಿ ಆರೇಳು ಮಾಳಿಗೆಗಳ ಅಂಚಿನಲ್ಲಿ ಮಕ್ಕಳು ಮಾತ್ರವಲ್ಲದೆ ದೊಡ್ಡವರೂ ಬಂದು ಕೂರುವಂತಾಯಿತು. ಮಾಳಿಗೆಯಿಲ್ಲದವರು ಕೆಳಗೆ ತಮ್ಮ ತಮ್ಮ ಕಟ್ಟೆಯ ಮೇಲೆ ದೂರ ದೂರ ಕುಳಿತು ಆಲಿಸಿದರು. ಹೀಗೆ ಕೇಳುತ್ತಿದ್ದವರಲ್ಲಿ ನನ್ನ ಮನೆಯ ಹಿಂಗೋಡೆಗೆ ತಾಗಿದ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಗೌಂಡಿಯೊಬ್ಬನ ಎಂಟು ವರ್ಷದ ಮಗನೂ ಇದ್ದನು. ಕಥೆ ಹೇಳುವವರಿಗೆ 'ಹೂಂ' ಎನ್ನುವವರು ಬೇಕಷ್ಟೆ. ಆ ಕೆಲಸವು ತಾನಾಗಿಯೇ ಆ ಬಾಲಕನ ಪಾಲಿಗೆ ಬಂದಿತು.

ಆರಂಭದಲ್ಲಿ ನನಗೆ ಇದು ರುಚಿಸಲಿಲ್ಲ. ಜಗತ್ತೇ ಸಂಕಟದಲ್ಲಿರುವಾಗ ರಾಜಕುಮಾರಿಯ ಕಥೆಯನ್ನೂ ನರಿಯ ಕಥೆಯನ್ನೂ ಹೇಳುತ್ತ ಕೂರುವುದು ಉಚಿತವೆ? ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದೇ ಮೇ ತಿಂಗಳ 8ರಂದು, ಕಾಲ್ನಡಿಗೆಯಿಂದ ಊರು ಸೇರಹೊರಟು ಮಹಾರಾಷ್ಟ್ರದ ಔರಂಗಾಬಾದ್ ಬಳಿ ರೈಲುಹಳಿಯ ಮೇಲೆ ನಿದ್ದೆಹೋಗಿದ್ದ 16 ಮಂದಿ ಕೂಲಿಕಾರರು ಗೂಡ್ಸ್ ಗಾಡಿಗೆ ಸಿಕ್ಕಿ ಮಡಿದರು. ಅಂತಹ ವಾರ್ತೆ ಕೇಳಿದ ಸಂಜೆಯೂ ಕಥೆಯೆ? ಹಸಿದವನಿಗೆ ಬೇಕಾದುದು ಅನ್ನವಲ್ಲದೆ ಆಖ್ಯಾನವಲ್ಲವಷ್ಟೆ.

ಹಿಂದೆಯೂ ಮಹಾಮಾರಿಯ ಕಾಲದಲ್ಲಿ ಜನರು ಕಥೆಯ ಮೊರೆಹೊಕ್ಕುದುಂಟು. 1348ರಲ್ಲಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಪ್ಲೇಗು ಬಡಿಯಿತು. ಅದನ್ನು ಹಿನ್ನೆಲೆಯಾಗಿರಿಸಿಕೊಂಡು ಬೊಕಾಚಿಯೋ ಎಂಬ ಗ್ರಂಥಕಾರನು 'ಡೆಕಮೆರಾನ್' ಎಂಬ ಕೃತಿಯನ್ನು ರಚಿಸಿದನು. ಅದರಲ್ಲಿ ಏಳು ಮಂದಿ ತರುಣಿಯರೂ ಮೂವರು ತರುಣರೂ ನಗರವನ್ನು ತ್ಯಜಿಸಿ, ಹೊರಗಿನ ಉದ್ಯಾನಗೃಹಗಳಲ್ಲಿ ನೆಲೆಸಿ, ಹತ್ತು ದಿನ ದಿನಕ್ಕೆ ಹತ್ತರಂತೆ ನೂರು ಕಥೆಗಳನ್ನು ಹೇಳಿಕೊಳ್ಳುತ್ತಾರೆ. ಆದರೆ ಆ ಕೃತಿಯ ಪ್ರಸ್ತಾವನೆಯಲ್ಲಿಯೇ, ನಗರದೊಳಗೆ ನೆರೆಯವರು ನೆರೆಯವರನ್ನು ಕೈಬಿಟ್ಟ ದಾರುಣ ಚಿತ್ರವನ್ನೂ ಗ್ರಂಥಕಾರನು ಬರೆದಿದ್ದಾನೆ. ಸಿರಿವಂತರು ಹೊರಗೆ ಹೋಗಿ ಕಥೆ ಹೇಳಿಕೊಂಡರು. ಒಳಗೆ ಉಳಿದವರನ್ನು ವಿಚಾರಿಸುವವರಿರಲಿಲ್ಲ. ಕಥೆಯು ಪಲಾಯನಕ್ಕೆ ಜೊತೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ನಮ್ಮ ಓಣಿಯ ಕಥೆಯೂ ಇಷ್ಟೇ ಆಗಿದ್ದರೆ ಅದನ್ನು ಇಲ್ಲಿ ಬರೆಯುವ ಪ್ರಮೇಯವಿರಲಿಲ್ಲ.

ಏಪ್ರಿಲ್ ನಡುವಿನ ಒಂದು ಸಂಜೆ ಅಜ್ಜಿಯವರು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ ನನ್ನನ್ನು ಕೂಗಿದರು: "ಮಾಸ್ತರ್ರೀ, ಹೂಂ ಅನ್ನೋ ಕೂಸು ಮೂರು ದಿನ ಆಯ್ತು, ಬಂದಿಲ್ಲ. ಆ ಮನಿಯಾಗ ಏನೋ ಆಗ್ಯಾದ. ಹೋಗಿ ನೋಡ್ರಿ."

ಹೋಗಿ ನೋಡಿದೆನು. ವ್ಯಾಧಿಯೇನೂ ಇರಲಿಲ್ಲ, ಹಿಟ್ಟಿನ ಡಬ್ಬಿ ಬರಿದಾಗಿತ್ತು. ಕಟ್ಟಡದ ಕೆಲಸ ನಿಂತು ಮೂರು ವಾರಗಳಾಗಿದ್ದವು. ಪಡಿತರ ಚೀಟಿ ಊರಿನಲ್ಲಿ ತಂದೆಯ ಬಳಿ ಇತ್ತು. ಹಸಿದ ಮಗು ನಾಲ್ವರ ಮುಂದೆ ಬಾಯಿಬಿಟ್ಟೀತೆಂಬ ಮರ್ಯಾದೆಯ ಅಂಜಿಕೆಯಿಂದ ತಾಯಿಯು ಅವನನ್ನು ಹೊರಗೆ ಕಳುಹಿಸಿರಲಿಲ್ಲ. ಅವರ ಒಲೆಗೂ ನನ್ನ ಪೂಜೆಯ ಕೋಣೆಗೂ ನಡುವೆ ಇದ್ದುದು ಒಂದು ಗೋಡೆ ಮಾತ್ರ. ಇಪ್ಪತ್ತೈದು ವರ್ಷಗಳಿಂದ ದಾಸೋಹವೆಂಬ ಶಬ್ದಕ್ಕೆ ಮಕ್ಕಳಿಗೆ ಅರ್ಥ ಹೇಳುತ್ತ ಬಂದ ನನಗೆ ಗೋಡೆಯ ಆಚೆಯ ಹಸಿವು ಕೇಳಿಸಿರಲಿಲ್ಲ. ಅಕ್ಷರವನ್ನರಿಯದ ಮುದುಕಿಗೆ ಅದು ಏಳು ಮನೆಗಳ ಆಚೆಯಿಂದ ಕೇಳಿಸಿತು. ಕೇಳಿಸಿದ್ದು ಹೇಗೆ? ಒಂದು 'ಹೂಂ' ನಿಂತುಹೋದುದರಿಂದ.

ಇಲ್ಲಿಯೇ ಮೇಲಿನ ಪೂರ್ವಪಕ್ಷಕ್ಕೆ ಉತ್ತರವಿದೆ. ನ್ಯಾಯಶಾಸ್ತ್ರದಲ್ಲಿ ಕಥೆಯೆಂದರೆ ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾದ ಸಂಭಾಷಣೆ. ಅಲ್ಲಿ ಹೇಳುವವನೊಬ್ಬನಿದ್ದರೆ ಸಾಲದು, ಎದುರಾಡುವವನೂ ಬೇಕು. ಅಜ್ಜಿಯ ಕಥೆಗೂ ಈ ನಿಯಮ ಸಲ್ಲುತ್ತದೆ. ಆ ದಿನಗಳಲ್ಲಿಯೇ, ಮಾರ್ಚ್ 28ರಿಂದ, ದೂರದರ್ಶನದವರು ರಾಮಾಯಣವನ್ನು ಮರಳಿ ಪ್ರಸಾರ ಮಾಡಿದರು. ದೇಶವೆಲ್ಲ ನೋಡಿತು, ಮನೆಮನೆಗೆ ಸಮಾಧಾನವೂ ದೊರೆಯಿತು. ಆದರೆ ಪೆಟ್ಟಿಗೆಯು ಹೇಳುವ ಕಥೆಗೆ ಯಾರು ಬಂದರು, ಯಾರು ಬಾರದೆ ಹೋದರು ಎಂಬುದರ ಅರಿವಿಲ್ಲ. ಬಾಯಿಂದ ಬಾಯಿಗೆ ಬರುವ ಕಥೆಯು ಕೇಳುವವನ ಉಸಿರನ್ನು ಎಣಿಸುತ್ತದೆ. ಯಾರ ಗೈರುಹಾಜರಿಯು ನಮಗೆ ಕೊರತೆಯಾಗಿ ತೋರುವುದೋ ಅವನೇ ನಮ್ಮ ನೆರೆಯವನು. ಆ ಕೊರತೆಯನ್ನು ಅರಿಯುವ ಕಿವಿಯನ್ನು ಕೊಡುವುದೇ ಕಥಾಶ್ರವಣದ ಪರಮಫಲ. ಕಥೆಯು ಅನ್ನವಲ್ಲ, ನಿಜ. ಆದರೆ ಅನ್ನವು ಯಾವ ಬಾಗಿಲಿಗೆ ಹೋಗಬೇಕೆಂಬುದನ್ನು ಅದು ತೋರಿಸಿತು.

ಮರುದಿನದಿಂದ ಓಣಿಯವರು ಸರದಿಯಂತೆ ಜೋಳ, ಬೇಳೆ, ಎಣ್ಣೆ ಮುಟ್ಟಿಸಿದರು. ಎರಡು ದಿನ ತೆಗೆದುಕೊಂಡ ಗೌಂಡಿಯು ಮೂರನೆಯ ದಿನ ತಲೆತಗ್ಗಿಸಿ, "ಸುಮ್ಮನ ತಿನ್ನಲಿಕ್ಕಿ ಮನಸ್ಸು ಬರವಲ್ದರಿ" ಎಂದನು. ಕಾಯಕಜೀವಿಯ ಮಾತು ಅದು. ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ ಎಂಬ ಭಾವವಿರುವವರೆಗೆ ಅದು ದಾನವೇ ಹೊರತು ದಾಸೋಹವಲ್ಲ. ಇದಕ್ಕೂ ಅಜ್ಜಿಯವರೇ ದಾರಿ ಕಂಡರು. "ಇವತ್ತಿನ ಕಥಿ ನಿಂದು" ಎಂದುಬಿಟ್ಟರು. ಅಂದು ಆತನು ತನ್ನ ಅಜ್ಜನು ಬರಗಾಲದಲ್ಲಿ ಊರಿಗಾಗಿ ಬಾವಿ ತೋಡಿ ಕಲ್ಲು ಕಟ್ಟಿದ ಕಥೆಯನ್ನು ಹೇಳಿದನು. ಓಣಿಯೆಲ್ಲ ಹೂಂಗುಟ್ಟಿತು. ನಾನೂ ಹೂಂಗುಟ್ಟಿದೆನು. ಆ ಹೊತ್ತಿನಲ್ಲಿ ಕೊಟ್ಟವರು ಯಾರು, ಕೊಂಡವರು ಯಾರು?

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಆ ಕುಟುಂಬದವರು ಓಣಿಯ ಕಟ್ಟೆಗೆ ಬಂದು ಕೂರುವುದು ಕೆಲವರಿಗೆ ಸರಿಬೀಳಲಿಲ್ಲ. ಅವರು ವ್ಯಾಧಿಯ ಹೆಸರು ಹೇಳಿದರು, ಮನಸ್ಸಿನಲ್ಲಿದ್ದುದು ಜಾತಿ. ವೈದ್ಯರು ವಿಧಿಸಿದ ಅಂತರವನ್ನು ಪಾಲಿಸುವುದು ಧರ್ಮವೇ ಸರಿ. ತನ್ನ ಉಸಿರಿನಿಂದ ಪರರಿಗೆ ಕೇಡಾಗದಂತೆ ದೂರ ನಿಲ್ಲುವುದು ದಯೆಯ ಒಂದು ರೂಪ. ಆದರೆ ಅದು ದೇಹದ ಅಂತರ. ವಿಶ್ವ ಆರೋಗ್ಯ ಸಂಸ್ಥೆಯವರು ಕೂಡ 2020ರ ಮಾರ್ಚ್‌ನಲ್ಲಿಯೇ, ಅದನ್ನು ಸಾಮಾಜಿಕ ಅಂತರವೆನ್ನದೆ ದೈಹಿಕ ಅಂತರವೆನ್ನುವುದು ಲೇಸೆಂದು ತಿಳಿಸಿದ್ದರು. ಪಂಚಸೂತಕಗಳನ್ನು ನಿರಾಕರಿಸಿದ ಶರಣರ ಪರಂಪರೆಯಲ್ಲಿ ಹುಟ್ಟಿದವರಿಗೆ ಈ ವ್ಯತ್ಯಾಸವನ್ನು ಹೊರಗಿನವರು ಕಲಿಸಬೇಕಾಗಿ ಬರಬಾರದಾಗಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಗೆಬಗೆಯ ಕಾಯಕದವರು ಒಂದೆಡೆ ಕುಳಿತು ಒಬ್ಬರ ಅನುಭವವನ್ನು ಮತ್ತೊಬ್ಬರು ಆಲಿಸಿದರೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳುವುದು ಸುಲಭ, ಕಟ್ಟೆಯ ಮೇಲೆ ಸ್ಥಳ ಬಿಡುವುದು ಕಠಿನ.

ಇನ್ನು ನನ್ನ ಎರಡನೆಯ ತಪ್ಪನ್ನು ಹೇಳಿ ಮುಗಿಸುತ್ತೇನೆ. ನಿರ್ಬಂಧಗಳು ತೆರವಾದವು, ಗೌಂಡಿಯ ಕುಟುಂಬ ಊರಿಗೆ ಹೋಯಿತು, ಮಾಳಿಗೆಗಳು ಬರಿದಾದವು. ಎಲ್ಲರಿಗೂ ಕೆಲಸ, ಎಲ್ಲರಿಗೂ ಅವಸರ. 2022ರ ಶ್ರಾವಣದಲ್ಲಿ ಮಠದ ಪುರಾಣಕ್ಕೆ ಪ್ರತಿನಿತ್ಯ ಹೋಗಿಬರುತ್ತಿದ್ದ ನಾನು, ಅಜ್ಜಿಯವರ ಬಾಗಿಲು ಎರಡು ದಿನ ತೆರೆದಿಲ್ಲವೆಂಬುದನ್ನು ಗಮನಿಸಲಿಲ್ಲ. ಮೂರನೆಯ ದಿನ ಹಾಲು ಹಾಕುವ ಹುಡುಗನು ಹೇಳಿದ ಮೇಲೆ ಹೋಗಿ ನೋಡಿದರೆ ಅವರು ಜ್ವರದಲ್ಲಿ ಮಲಗಿದ್ದರು, ಒಬ್ಬರೇ. ಶಿವಕೃಪೆಯಿಂದ ಚೇತರಿಸಿಕೊಂಡರು. ನಾನು ಕ್ಷಮೆ ಬೇಡಿದಾಗ ನಕ್ಕು, "ಹೂಂ ಅನ್ನೋರು ಇದ್ರ ಕಥಿ, ಮಾಸ್ತರ್ರೀ. ಈಗ ಯಾರ ಮುಂದ ಹೇಳ್ಲಿ?" ಎಂದರು. ಪುರಾಣವನ್ನು ಕೇಳಿದ ಕಿವಿ ಪಕ್ಕದ ಮನೆಯ ಮೌನವನ್ನು ಕೇಳದೆ ಹೋದರೆ ಆ ಶ್ರವಣದ ಫಲವೇನು?

ಸಂಕಟವು ನಮ್ಮನ್ನು ನೆರೆಯವರನ್ನಾಗಿ ಮಾಡಿದುದು ದೊಡ್ಡದಲ್ಲ. ಭಯದಲ್ಲಿ ಹಕ್ಕಿಗಳೂ ಗುಂಪುಗೂಡುತ್ತವೆ. ಭಯವು ಕಳೆದ ಮೇಲೆಯೂ ನೆರೆಯವರಾಗಿ ಉಳಿಯುವುದೇ ಮನುಷ್ಯನ ಪರೀಕ್ಷೆ. ಈಗ ಪ್ರತಿ ಸೋಮವಾರ ಸಂಜೆ ಪೂಜೆಯಾದ ಮೇಲೆ ಪಾಠಶಾಲೆಯ ನಾಲ್ಕಾರು ಮಕ್ಕಳನ್ನು ಕರೆದುಕೊಂಡು ಆ ತುದಿಮನೆಗೆ ಹೋಗುತ್ತೇನೆ. ಅಜ್ಜಿ ಕಥೆ ಹೇಳುತ್ತಾರೆ, ಮಕ್ಕಳು ಹೂಂಗುಟ್ಟುತ್ತಾರೆ. ಮರಳಿ ಬರುವಾಗ, ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ನೋಡಿಕೊಂಡು ಬರುತ್ತೇನೆ. ಸದ್ಭಕ್ತರೆ, ತಮ್ಮ ಓಣಿಯಲ್ಲಿಯೂ ಇಂತಹ ತುದಿಮನೆಯೊಂದು ಇದ್ದೀತು. ಇಂದು ಸಂಜೆಯೇ ಒಮ್ಮೆ ಹೋಗಿ ಅದರ ಕಟ್ಟೆಯ ಮೇಲೆ ಕೂರಿರಿ.