ಅರ್ಧಕೃತವನ್ನು ತೋರಿಸಬಹುದೇ?

ಅರ್ಧ ರಚಿಸಿದ ಕಾವ್ಯವನ್ನು ಕವಿಯು ಓದಿ ಹೇಳಕೂಡದು, ಹೇಳಿದರೆ ಅದು ಅರ್ಧದಲ್ಲಿಯೇ ನಿಂತುಹೋಗುವುದು ಎಂದು ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ವಿಧಿಸಿರುವನು. ಹೊಸ ಕೃತಿಯನ್ನು ಒಬ್ಬನೇ ಒಬ್ಬನ ಮುಂದೆ ಓದುವುದೂ ತರವಲ್ಲವಂತೆ. ಕೇಳಿದವನು ನಾಳೆ ಅದು ತನ್ನದೆಂದು ಸಾಧಿಸಿದರೆ ಸಾಕ್ಷಿಗೆ ಯಾರನ್ನು ಕರೆತರುವುದು? ಸುಮಾರು 1100 ವರ್ಷಗಳ ಹಿಂದೆಯೂ ಪಂಡಿತಮಂಡಲಿಯಲ್ಲಿ ಇಂತಹ ಕಳವಿನ ಭಯವಿದ್ದಿತೆಂಬುದು ಇದರಿಂದ ತಿಳಿಯುವುದು. ಆದರೆ ಅದೇ ರಾಜಶೇಖರನು ಕವಿಯ ದಿನಚರಿಯನ್ನು ನಿರೂಪಿಸುವಾಗ, ಬೆಳಗಿನಲ್ಲಿ ರಚಿಸಿದುದನ್ನು ದಿನದ ನಾಲ್ಕನೆಯ ಪ್ರಹರದಲ್ಲಿ ಏಕಾಂತದಲ್ಲಾಗಲಿ ಪರಿಮಿತವಾದ ಪರಿಷತ್ತಿನೊಡನಾಗಲಿ ಪರೀಕ್ಷಿಸಬೇಕೆಂದೂ ಹೇಳಿರುವನು. ರಸಾವೇಶದಲ್ಲಿ ರಚಿಸುವವನಿಗೆ ವಿವೇಚಿಸುವ ದೃಷ್ಟಿ ಇರುವುದಿಲ್ಲವೆಂಬುದು ಅವನು ಕೊಡುವ ಕಾರಣ. ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು, ಇವೇ ಆ ಪ್ರಹರದ ಕೆಲಸಗಳು.

ಚಲಚ್ಚಿತ್ರದ ಸಂಕಲನವೆಂಬ ಕಲೆಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ಕಷ್ಟ. ಪುಣೆಯಲ್ಲಿ 1960ರಲ್ಲಿ ಸ್ಥಾಪಿತವಾದ ಸಂಸ್ಥೆಯೇ ಮೊದಲಾದ ಚಿತ್ರಶಾಲೆಗಳಲ್ಲಿ ಓದುವ ತರುಣರು ತಮ್ಮ ಚಿತ್ರ ಮುಗಿಯುವ ಮುನ್ನವೇ ಅದರ ಕಚ್ಚಾ ಜೋಡಣೆಯನ್ನು ನಾಲ್ಕು ಜನರಿಗೆ ತೋರಿಸಿ ಅಭಿಪ್ರಾಯವನ್ನು ಬೇಡುವರು. ಇಲ್ಲಿ ರಾಜಶೇಖರನ ಯಾವ ಮಾತನ್ನು ಪಾಲಿಸತಕ್ಕದ್ದು? ಬಚ್ಚಿಡಬೇಕೋ, ತೋರಿಸಬೇಕೋ? ತೋರಿಸಿದ ಮೇಲೆ, ಕೇಳಿಬಂದ ಮಾತಿಗೆ ಎಷ್ಟರಮಟ್ಟಿಗೆ ತಲೆಬಾಗಬೇಕು? ಇದು ಬರಿಯ ಕಸುಬಿನ ಪ್ರಶ್ನೆಯಲ್ಲ. ನೋಡುವವನ ಸತ್ಯವೂ ಮಾಡುವವನ ಸ್ವಾತಂತ್ರ್ಯವೂ ಒಂದನ್ನೊಂದು ಇದಿರಿಸುವ ಧರ್ಮಸೂಕ್ಷ್ಮವೊಂದು ಇದರಲ್ಲಿ ಅಡಗಿರುವುದು.

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಬಹುದು. ಅವಳ ಚಿತ್ರ ಇಪ್ಪತ್ತು ನಿಮಿಷದ್ದು. ಅದರ ನಡುವೆ ಮುದುಕಿಯೊಬ್ಬಳು ಹಜಾರದಲ್ಲಿ ಕುಳಿತು ಎರಡೂವರೆ ನಿಮಿಷಗಳ ಕಾಲ ಮಾತಿಲ್ಲದೆ ಹತ್ತಿಯ ಬತ್ತಿ ಹೊಸೆಯುವಳು. ಆ ಮುದುಕಿ ಆಕೆಯ ಸ್ವಂತ ಅಜ್ಜಿ; ಚಿತ್ರೀಕರಣವಾದ ತಿಂಗಳೊಳಗೆ ತೀರಿಕೊಂಡವಳು. ಮೊಮ್ಮಗಳು ಆ ದೃಶ್ಯವನ್ನು ನೂರು ಸಲ ನೋಡಿರುವಳು. ನೋಡಿದಾಗಲೆಲ್ಲ ಕಣ್ಣು ಒದ್ದೆಯಾಗಿರುವುದು. ಆದರೆ ಆ ಕಣ್ಣೀರು ತೆರೆಯ ಮೇಲಿನ ಚಿತ್ರದಿಂದ ಬಂದಿತೋ ಮನೆಯ ನೆನಪಿನಿಂದ ಬಂದಿತೋ ಎಂಬುದನ್ನು ಅವಳು ತಾನಾಗಿ ನಿರ್ಣಯಿಸಲಾರಳು. ಕವಿಗೆ ತನ್ನ ಪದ್ಯವನ್ನು ಕೆಲವು ಕಾಲ ಮರೆತು ಮತ್ತೆ ಓದುವ ಉಪಾಯವುಂಟು. ಗಡುವಿಗೆ ಕಟ್ಟುಬಿದ್ದ ವಿದ್ಯಾರ್ಥಿನಿಗೆ ಅಷ್ಟು ಪುರಸೊತ್ತು ಎಲ್ಲಿಯದು? ಆದುದರಿಂದ ಪರರ ಕಣ್ಣನ್ನು ಸಾಲ ಪಡೆಯದೆ ಅವಳಿಗೆ ಗತಿಯಿಲ್ಲ.

ಅವಳು ಐವರನ್ನು ಕೂರಿಸಿ ತೋರಿಸಿದಳೆನ್ನೋಣ. ಗೆಳತಿಯು ಎಲ್ಲವೂ ಚೆನ್ನಾಗಿದೆ ಎಂದಳು. ಛಾಯಾಗ್ರಹಣವನ್ನು ಬಲ್ಲ ಸಹಪಾಠಿಯು ಕಿಟಕಿಯ ಬೆಳಕು ಒಂದು ಕಡೆ ಹೆಚ್ಚಾಯಿತೆಂದನು. ಇನ್ನೊಬ್ಬನು ಅಜ್ಜಿಯ ಮರಣದಿಂದಲೇ ಕಥೆಯನ್ನು ಆರಂಭಿಸಬೇಕೆಂದು ಅಪ್ಪಣೆ ಕೊಡಿಸಿದನು. ಅದು ಅವನು ಮಾಡಬೇಕೆಂದಿರುವ ಚಿತ್ರ, ಇವಳದಲ್ಲ. ನಾಲ್ಕನೆಯವನು ಹಿನ್ನೆಲೆಯ ಸಂಗೀತವನ್ನು ಬಹಳವಾಗಿ ಕೊಂಡಾಡಿದನು. ಆ ಸಂಗೀತವೋ, ತಾತ್ಕಾಲಿಕವಾಗಿ ಬೇರೊಂದು ಚಿತ್ರದಿಂದ ತಂದು ಅಂಟಿಸಿದುದು! ಎರವಲು ಒಡವೆಯನ್ನು ತೊಡಿಸಿ ಕನ್ಯೆಯನ್ನು ತೋರಿಸುವವರು ಈ ಬಗೆಯ ಹೊಗಳಿಕೆಗೆ ಸಿದ್ಧರಾಗಿರಬೇಕು. ಐದನೆಯ ಆಕೆ ಮಾತ್ರ, ಬತ್ತಿ ಹೊಸೆಯುವಲ್ಲಿ ತನ್ನ ಮನಸ್ಸು ಬೇರೆಲ್ಲಿಗೋ ಹೋಯಿತೆಂದು ಸಂಕೋಚದಿಂದ ಹೇಳಿದಳು.

ರಾಜಶೇಖರನು ಕಾವ್ಯವನ್ನು ಪರಿಭಾವಿಸುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನು: ಯಾವುದೂ ರುಚಿಸದ ಅರೋಚಕಿ, ಹುಲ್ಲುಕಡ್ಡಿಯ ಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಮತ್ಸರಿ, ಮತ್ತು ಸಾವಿರಕ್ಕೊಬ್ಬನಾದ ತತ್ತ್ವಾಭಿನಿವೇಶಿ. ವಿಂಗಡಣೆ ರಸವತ್ತಾದುದೇ. ಆದರೆ ಸಾವಿರಕ್ಕೊಬ್ಬನು ಬರುವವರೆಗೆ ವಿದ್ಯಾರ್ಥಿನಿ ಕಾಯಬೇಕಾಗಿಲ್ಲ. ಸಂಕೋಚದ ಆ ಐದನೆಯವಳಿಂದಲೇ ಅವಳ ಕೆಲಸವಾಗುವುದು. ರೋಗಿಯು ವೈದ್ಯನಿಗೆ ನೋವು ಎಲ್ಲಿದೆಯೆಂಬುದನ್ನು ಹೇಳಬಲ್ಲನು, ಆ ವಿಷಯದಲ್ಲಿ ಅವನ ಮಾತಿಗೆ ಮೀರಿದ ಪ್ರಮಾಣವಿಲ್ಲ. ನೋವಿನ ಮೂಲವನ್ನೂ ಔಷಧವನ್ನೂ ಅವನೇ ಹೇಳತೊಡಗಿದರೆ ಮಾತ್ರ ಚಿಕಿತ್ಸೆ ಕೆಡುವುದು. ಪ್ರೇಕ್ಷಕನ ಅಧಿಕಾರವೂ ಇಷ್ಟೇ. ಎಲ್ಲಿ ಬೇಸರವಾಯಿತು, ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಉಸಿರು ಬಿಗಿಹಿಡಿಯಿತು, ಇವಿಷ್ಟೂ ಅವನ ಸ್ವತ್ತು. ಕತ್ತರಿ ಅವನದಲ್ಲ.

ಈ ಎಲ್ಲೆಯನ್ನು ಒಪ್ಪಿದರೆ ಇನ್ನೊಂದು ತೊಡಕೂ ಸಡಿಲವಾಗುವುದು. ಅಪ್ರಿಯವಾದ ಸತ್ಯವನ್ನು ಹೇಳಬಾರದು, ಪ್ರಿಯವಾದ ಅಸತ್ಯವನ್ನೂ ಹೇಳಬಾರದು ಎಂಬ ಮನುವಿನ ವಿಧಿಯು ಅರ್ಧಕೃತವನ್ನು ನೋಡಿದವನನ್ನು ಇಕ್ಕಟ್ಟಿಗೆ ಸಿಕ್ಕಿಸುವುದು. ಬಾಯಿ ಮುಚ್ಚಿ ಕುಳಿತರೂ ಎಳೆಯರು ಆ ಮೌನದಿಂದ ನೊಂದುಕೊಳ್ಳುವರು. “ನಿನ್ನ ಚಿತ್ರ ಜಡವಾಗಿದೆ” ಎಂಬುದು ತೀರ್ಪು. “ಇಲ್ಲಿ ನನ್ನ ಮನಸ್ಸು ಹರಿದುಹೋಯಿತು” ಎಂಬುದು ಸಾಕ್ಷ್ಯ. ತೀರ್ಪು ಮಾಡಿದವಳನ್ನು ತಾಕುವುದು, ಸಾಕ್ಷ್ಯವು ಮಾಡಿದ ವಸ್ತುವನ್ನು ತಾಕುವುದು. ಅದರಿಂದ ನೋವೇ ಆಗದೆಂದಲ್ಲ. ಅಜ್ಜಿಯ ಕೈಗಳನ್ನು ನೋಡುವಾಗ ಬೇರೊಬ್ಬರಿಗೆ ಆಕಳಿಕೆ ಬಂದಿತೆಂದು ಕೇಳಿದ ಮೊಮ್ಮಗಳಿಗೆ ನೋವಾಗದಿದ್ದರೆ ಅವಳು ಆ ದೃಶ್ಯವನ್ನು ತೆಗೆಯುತ್ತಲೇ ಇರಲಿಲ್ಲ.

ತೋರಿಸುವವರಿಗೂ ಒಂದು ವ್ರತವುಂಟು, ಅದು ಮೌನ. ದೀಪವಾರಿದೊಡನೆ “ಇದು ಇನ್ನೂ ಮುಗಿದಿಲ್ಲ, ಇಲ್ಲಿ ನಾನು ಹೇಳಹೊರಟಿದ್ದೇನೆಂದರೆ” ಎಂದು ಆರಂಭಿಸಿದವರು ಚಿತ್ರವನ್ನು ತೋರಿಸಲಿಲ್ಲ, ತಮ್ಮ ಸಂಕಲ್ಪವನ್ನು ತೋರಿಸಿದರು. ಮುಂದೆ ಊರೂರಿನಲ್ಲಿ ಚಿತ್ರ ಓಡುವಾಗ ವ್ಯಾಖ್ಯಾನಕ್ಕೆ ಅವರು ಅಲ್ಲಿರುವುದಿಲ್ಲವಷ್ಟೆ.

ಹಾಗಾದರೆ ಸಾಕ್ಷ್ಯಕ್ಕೆ ಶರಣಾಗಬೇಕೆ? ಸತ್ಯಜಿತ್ ರಾಯ್ ಅವರು ಯಾವ ಚಿತ್ರಶಾಲೆಯಲ್ಲಿಯೂ ಓದಿದವರಲ್ಲ. ಆದರೂ ‘ಪಥೇರ್ ಪಾಂಚಾಲಿ’ಯನ್ನು ಮಾಡುವಾಗ ವಿದ್ಯಾರ್ಥಿಯೇ ಆಗಿದ್ದರು. 1952ರಲ್ಲಿ ಚಿತ್ರೀಕರಣವನ್ನು ಆರಂಭಿಸಿ, ಹಣವಿಲ್ಲದೆ ನಿಲ್ಲಿಸುತ್ತ ನಡೆಸುತ್ತ ಇದ್ದಾಗ, 1954ರಲ್ಲಿ ಅಮೆರಿಕದ ನಿರ್ದೇಶಕ ಜಾನ್ ಹ್ಯೂಸ್ಟನ್ ಕಲ್ಕತ್ತೆಗೆ ಬಂದನು. ರಾಯ್ ಅವರು ಧ್ವನಿಯಿಲ್ಲದ ಕೆಲವು ತುಣುಕುಗಳನ್ನು ಅವನಿಗೆ ತೋರಿಸಿದರು. ಹ್ಯೂಸ್ಟನ್ ಮೆಚ್ಚಿದನು, ಜೊತೆಗೆ, ಅಲೆದಾಟವನ್ನು ಬಹಳ ಹೊತ್ತು ತೋರಿಸಿದರೆ ಪ್ರೇಕ್ಷಕರಿಗೆ ತಾಳ್ಮೆ ತಪ್ಪುವುದೆಂದು ಎಚ್ಚರಿಸಿದನು. ಅವನು ನ್ಯೂಯಾರ್ಕಿಗೆ ಮುಟ್ಟಿಸಿದ ಒಳ್ಳೆಯ ಮಾತು ರಾಯ್ ಅವರಿಗೆ ನೆರವಾಯಿತು; 1955ರ ಮೇ ತಿಂಗಳಿನಲ್ಲಿ ಅಲ್ಲಿಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಚಿತ್ರ ಮೊದಲು ಪ್ರದರ್ಶಿತವಾಯಿತು. ಎಚ್ಚರಿಕೆಯ ಮಾತೇನಾಯಿತು? ಅಕ್ಕತಮ್ಮಂದಿರು ಬಿಳಿಯ ಕಾಶಹೂಗಳ ನಡುವೆ ಅಲೆಯುತ್ತ ರೈಲನ್ನು ಕಾಣುವ ದೃಶ್ಯ ಮುಗಿದ ಚಿತ್ರದಲ್ಲಿ ಉಳಿದೇ ಇದೆ. ಜಗತ್ತು ಚಿತ್ರವನ್ನು ನೆನೆಯುವುದೂ ಆ ದೃಶ್ಯದಿಂದಲೇ. ರಾಯ್ ಅವರು ಕಿವಿಗೊಟ್ಟರು, ಕತ್ತರಿಯನ್ನು ಕೊಡಲಿಲ್ಲ.

ಇದನ್ನೇ ನೆಪಮಾಡಿಕೊಂಡು ಹಟ ಹಿಡಿಯುವವರೂ ಉಂಟು. ತಮ್ಮ ಬೇಸರದ ದೃಶ್ಯಗಳೆಲ್ಲವೂ ಅವರ ಪಾಲಿಗೆ ಕಾಶಹೂಗಳೇ! ಸಾಕ್ಷ್ಯವನ್ನು ತಳ್ಳಿಹಾಕುವ ಹಕ್ಕು, ಅದನ್ನು ಒಂದು ರಾತ್ರಿಯಾದರೂ ತಲೆದಿಂಬಿನಡಿಯಲ್ಲಿ ಇಟ್ಟುಕೊಂಡವರಿಗೆ ಮಾತ್ರ ಇರತಕ್ಕದ್ದು.

ಕಲ್ಪಿತ ವಿದ್ಯಾರ್ಥಿನಿಯೂ ಹಾಗೆ ಇಟ್ಟುಕೊಂಡಳೆನ್ನೋಣ. ಎರಡೂವರೆ ನಿಮಿಷವನ್ನು ಒಂದಕ್ಕೆ ಇಳಿಸಿ ನೋಡಿದಳು. ಬೇಸರ ಕಡಮೆಯಾಯಿತು, ಅಜ್ಜಿಯೂ ಕಡಮೆಯಾದಳು. ಮರುದಿನ ಅವಳಿಗೆ ಹೊಳೆಯಿತು: ಅಜ್ಜಿ ಹೊಸೆಯುತ್ತಿದ್ದುದು ಲಕ್ಷಬತ್ತಿಯ ಹರಕೆಗಾಗಿ. ಆ ಮಾತು ಚಿತ್ರದಲ್ಲಿ ಬರುವುದು ಕೊನೆಯಲ್ಲಿ, ನೆರೆಮನೆಯಾಕೆಯ ಬಾಯಲ್ಲಿ. ಅದಕ್ಕೆ ಮುಂಚೆ ನೋಡುವವರ ಕಣ್ಣಿಗೆ ಅದು ಬರಿಯ ಹತ್ತಿ. ನೆರೆಮನೆಯಾಕೆಯ ದೃಶ್ಯವನ್ನು ಮುಂದಕ್ಕೆ ತಂದು, ಬತ್ತಿಯ ದೃಶ್ಯವನ್ನು ಅದರ ಹಿಂದೆ ಪೂರ್ತಿಯಾಗಿಯೇ ಇಟ್ಟಳು. ಲಕ್ಷವಾಗಬೇಕಾದ ಬತ್ತಿಗಳಲ್ಲಿ ಇನ್ನೆಷ್ಟು ಉಳಿದಿವೆಯೆಂದು ಈಗ ನೋಡುವವರು ತಾವಾಗಿ ಎಣಿಸತೊಡಗುವರೆಂದು ಅವಳ ನಂಬಿಕೆ. ಆದರೆ ಅದು ನಿಜವೇ ಎಂದು ಆ ಐವರನ್ನು ಕೇಳಿ ಫಲವಿಲ್ಲ. ಹರಕೆಯ ಸಂಗತಿ ಅವರಿಗೆ ಈಗಾಗಲೇ ತಿಳಿದುಹೋಗಿದೆ. ಒಮ್ಮೆ ನೋಡಿದವರು ಮತ್ತೆ ಮೊದಲ ಸಲ ನೋಡಲಾರರು. ಏನೂ ತಿಳಿಯದ ಆರನೆಯವರೊಬ್ಬರನ್ನು ಅವಳು ಹುಡುಕಬೇಕಾಗಿದೆ.